ರಾಜಕುಮಾರಿಯ ಬೆನ್ನು

ನನ್ನ ಯಜಮಾನರ ಮುಖ ಹೊರಗಿನವರಿಗೆ ಯಾರಿಗೂ ಗೊತ್ತಿಲ್ಲ. ಬೆನ್ನು ಮಾತ್ರ ಮಕ್ಕಳಿಗೆಲ್ಲ ಗೊತ್ತು. ಟೀವಿಯಲ್ಲಿ ನೀಲಿ ಲಂಗ ಹಾಕಿಕೊಂಡು, ಸೊಂಟದವರೆಗೆ ಕೂದಲು ಬಿಟ್ಟುಕೊಂಡು ಕೋಟೆಯ ಗೋಡೆಯಿಂದ ಹಾರುತ್ತಿದ್ದ ರಾಜಕುಮಾರಿ ಇದ್ದಳಲ್ಲ, ಅವಳು ತಿರುಗಿದರೆ ಹುಡುಗಿ, ತಿರುಗದಿದ್ದರೆ ನನ್ನ ಗಂಡ. ಈಗ ಅವರಿಲ್ಲ. ಹೋಗಿ ವರ್ಷವೂ ತುಂಬಿಲ್ಲ. ಪೇಪರಿನವರು ಬರೆಯುವುದು ಮುಖ ಇದ್ದವರ ಬಗ್ಗೆ. ಬೆನ್ನಿನ ಬಗ್ಗೆ ನಾನೇ ಬರೆಯಬೇಕು.

ಇವರು ಗೋಡೆಗೆ ಬಣ್ಣ ಬಳಿಯುವವರು. ಸ್ಟುಡಿಯೋಗೂ ಬಣ್ಣ ಬಳಿಯಲಿಕ್ಕೇ ಹೋದದ್ದು. ಸ್ಟುಡಿಯೋ ಅಂದರೆ ದೊಡ್ಡ ತಗಡಿನ ಶೆಡ್ಡು, ಒಳಗೆ ಪ್ಲೈವುಡ್ಡಿನ ಅರಮನೆ. ಪ್ಲೈವುಡ್ಡು ಕಲ್ಲಿನ ಹಾಗೆ ಕಾಣಬೇಕು, ಅದು ಇವರ ಕೆಲಸ. ಮಕ್ಕಳ ಧಾರಾವಾಹಿ. ಹಾರುವ ಕುದುರೆ, ಮೂರು ತಲೆಯ ರಾಕ್ಷಸ, ಮಾತಾಡುವ ಕತ್ತಿ, ಎಲ್ಲ ಇತ್ತು. ಆ ದಿನ ರಾಜಕುಮಾರಿಯ ಬದಲಿಗೆ ಗೋಡೆಯಿಂದ ಬೀಳಬೇಕಾಗಿದ್ದ ಮನುಷ್ಯ ಬರಲಿಲ್ಲ. ನಿರ್ದೇಶಕ ಸುತ್ತ ನೋಡಿದ. ಏಣಿಯ ತುದಿಯಲ್ಲಿ ಇವರು ಕಂಡರು. ಸಣ್ಣ ಆಳು, ತೆಳ್ಳಗಿನ ಸೊಂಟ.

"ಏನ್ರೀ ಪೇಂಟರ್, ಅಲ್ಲಿಂದ ಬೀಳೋಕಾಗುತ್ತಾ?"

"ಬೀಳದೇ ಇರೋದೇ ನನ್ನ ಕೆಲಸ ಸಾರ್," ಅಂದರಂತೆ ಇವರು.

"ಇವತ್ತೊಂದಿನ ಬಿದ್ದುಬಿಡ್ರೀ."

ಬಿದ್ದರು. ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿ, ಮೇಲೆ ಹಾಸಿಗೆ ಹಾಕಿದ್ದರು. ಏಟಾಗಲಿಲ್ಲ. ಹೋದದ್ದು ಮೀಸೆ. ಸಂಜೆ ನಾನು ಬಾಗಿಲು ತೆಗೆದು "ಯಾರು ಬೇಕಾಗಿತ್ತು?" ಅಂತ ಕೇಳಿದೆ. "ನಿನ್ನ ಗಂಡ ಇದ್ದಾನಾ?" ಅಂದರು. ಅಂದಿನಿಂದ ಅವರು ಮೀಸೆ ಬಿಡಲಿಲ್ಲ. ಸ್ಟುಡಿಯೋದಲ್ಲಿ ಬೆನ್ನಪ್ಪ ಅಂತ ಹೆಸರೂ ಬಿತ್ತು.

ಮೊದಮೊದಲು ರಾಜಕುಮಾರಿಗೆ ಹೆಚ್ಚು ಕೆಲಸ ಇರಲಿಲ್ಲ. ರಾಕ್ಷಸ ಹೊತ್ತುಕೊಂಡು ಹೋಗಬೇಕು, ಇವಳು ಹೊರಿಸಿಕೊಳ್ಳಬೇಕು. ಕಿಟಕಿಯಲ್ಲಿ ನಿಂತು ಕಾಪಾಡಿ ಕಾಪಾಡಿ ಅನ್ನಬೇಕು. ಬಾಗಿಲಿಗೆ ಬೀಗ ಇದೆಯೋ ಇಲ್ಲವೋ ಅಂತ ಒಂದು ಸಲವೂ ದೂಡಿ ನೋಡಿದವಳಲ್ಲ. ಆಮೇಲೆ ಮೂರ್ಛೆ. ಮೂರ್ಛೆಗೆ ನನ್ನ ಗಂಡ ಬೇಕಾಗಿರಲಿಲ್ಲ, ಅದನ್ನು ಹುಡುಗಿಯೇ ಮಾಡುತ್ತಿದ್ದಳು, ಯಾಕೆಂದರೆ ಕೂದಲು ಹರಡಿ ಮಲಗಿದರೆ ಚೆನ್ನಾಗಿ ಕಾಣುತ್ತದೆ. ವಾರಗಟ್ಟಲೆ ಕಾಡಿನಲ್ಲಿ ಅಲೆದರೂ ಅವಳ ತುಟಿಯ ಬಣ್ಣ ಹೋಗುತ್ತಿರಲಿಲ್ಲ. ನಾನು ನಲ್ಲಿಯವರೆಗೆ ಹೋಗಿ ಬರುವುದರೊಳಗೆ ನನ್ನ ಜಡೆ ಬಿಚ್ಚಿರುತ್ತದೆ. ಅವಳಿಗೆ ಹಸಿವಿಲ್ಲ, ನೆಗಡಿಯಿಲ್ಲ, ಗೆಳತಿಯರೂ ಇಲ್ಲ. ಇಡೀ ರಾಜ್ಯದಲ್ಲಿ ಹೆಣ್ಣು ಅಂತ ಇವಳೊಬ್ಬಳು, ಇನ್ನೊಬ್ಬಳು ಮಾಟಗಾತಿ. ಸ್ವಲ್ಪ ಬುದ್ಧಿ ಇದ್ದದ್ದು ಮಾಟಗಾತಿಗೆ. ಅವಳನ್ನು ಕೊನೆಗೆ ಸುಟ್ಟರು.

ಆಮೇಲೆ ಚಾನೆಲ್ಲಿನವರಿಗೆ ಜ್ಞಾನೋದಯವಾಯಿತು. ಹೆಣ್ಣುಮಕ್ಕಳು ಗಟ್ಟಿಗಿತ್ತಿಯರಾಗಬೇಕು, ರಾಜಕುಮಾರಿ ಇನ್ನು ಮೇಲೆ ಅಳುವುದಿಲ್ಲ, ಹೋರಾಡುತ್ತಾಳೆ ಅಂದರು. ಕೈಗೆ ಕತ್ತಿ ಕೊಟ್ಟರು. ಲಂಗ ಅದೇ. ನೆಲ ಗುಡಿಸುವ ಲಂಗ ಹಾಕಿಕೊಂಡು ರಾಕ್ಷಸನ ಹಿಂದೆ ಓಡಬೇಕು. ಹುಡುಗಿ ದೊಡ್ಡ ಫ್ಯಾನಿನ ಮುಂದೆ ನಿಂತು ಕೂದಲು ಹಾರಿಸಿಕೊಂಡು, "ನನ್ನನ್ನು ತಡೆಯುವವರು ಯಾರು?" ಅನ್ನುತ್ತಿದ್ದಳು. ಆಮೇಲೆ ಇವರು ಹಾರುತ್ತಿದ್ದರು. ರಾಜಕುಮಾರಿಯ ಧೈರ್ಯ ಹೆಚ್ಚಿದ ಹಾಗೆಲ್ಲ ನನ್ನ ಗಂಡನ ಮಂಡಿ ಸವೆಯಿತು.

ಹಾರಿದರೆ ಸಾಲದು, ಹೆಣ್ಣು ಹಾರುವ ಹಾಗೆ ಹಾರಬೇಕು ಅಂತ ನಿರ್ದೇಶಕನ ಹಟ. ಇವರು ಮನೆಗೆ ಬಂದು ನನ್ನನ್ನು ಕರೆದರು.

"ಲೇ, ಆ ಕಟ್ಟೆಯಿಂದ ಒಂದ್ಸಲ ಹಾರು, ನೋಡೋಣ."

ನಾನು ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು ಹಾರಿದೆ. ಧೊಪ್ಪೆಂದು ಸದ್ದಾಯಿತು.

"ಇದಲ್ಲ," ಅಂದರು.

"ಮತ್ತೆ ಯಾವ್ದು?"

"ಹೆಣ್ಣು ಹಾರೋ ಹಾಗೆ."

"ನಾನೇನು ಗೂಳಿನೇನ್ರೀ?"

ಕೊನೆಗೆ ನಿರ್ದೇಶಕನೇ ಕಲಿಸಿದ. ಕಾಲು ಎರಡೂ ಕೂಡಿರಬೇಕು. ಬೆರಳ ತುದಿಯ ಮೇಲೆ ಇಳಿಯಬೇಕು. ಒಂದು ಕೈ ಮೇಲಕ್ಕೆ, ಮಣಿಕಟ್ಟು ಹೂವಿನ ತೊಟ್ಟಿನ ಹಾಗೆ ಬಾಗಿರಬೇಕು. ಹಾಗೆ ಇಳಿದರೆ ಮೈಭಾರವೆಲ್ಲ ಮಂಡಿಗೆ ಹೊಡೆಯುತ್ತದೆ. ದಿನಾ ಸಂಜೆ ಎಣ್ಣೆ ತಿಕ್ಕುವವಳು ನಾನು. ಕ್ರಮೇಣ ಮಣಿಕಟ್ಟು ಅಭ್ಯಾಸವಾಗಿಹೋಯಿತು. ಬಸ್ಸಿನಿಂದ ಇಳಿಯುವಾಗಲೂ ಕೈ ತಾನಾಗಿ ಮೇಲೇಳುತ್ತಿತ್ತು. ಜನ ನೋಡುತ್ತಿದ್ದರು. ನಾನು ಆ ಕೈ ಹಿಡಿದು ಕೆಳಗಿಳಿಸುತ್ತಿದ್ದೆ.

ಮುಖಗಳು ಬದಲಾಗುತ್ತಿದ್ದವು. ರಾಜಕುಮಾರಿಗೆ ಇಪ್ಪತ್ತು ದಾಟಿತೋ, ಮುದುಕಿಯಾದಳು ಅಂತ ಹೊಸ ಹುಡುಗಿಯನ್ನು ತರುತ್ತಿದ್ದರು. ಬೆನ್ನಿಗೆ ಐವತ್ತು ದಾಟಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಕೊನೆಗೆ ಬಂದ ಹುಡುಗಿ ಬಾಯಿಬಡುಕಿ. ಇವರನ್ನು ಮಾಮ ಅನ್ನುತ್ತಿದ್ದಳು, ಚಿತ್ರೀಕರಣ ಮುಗಿದರೆ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲೇ ಕೂರುತ್ತಿದ್ದಳು. ಒಂದು ದಿನ ಬಂದವಳು ಟೀ ಮುಟ್ಟಲಿಲ್ಲ.

"ಮಾಮ, ನಮ್ಮಕ್ಕ ಹೇಗೆ ಹಾರ್ತಾಳೆ ನೋಡಿ ಅಂತ ನನ್ನ ತಂಗಿ ಶಾಲೆಯಲ್ಲೆಲ್ಲ ಹೇಳ್ಕೊಂಡು ಬಂದಿದ್ದಾಳೆ. ಮನೇಲಿ ಹಾರಿ ತೋರಿಸು ಅಂತಾಳೆ. ನಾನು ಮಂಚದಿಂದ ಹಾರಿದ್ರೂ ಮುಗ್ಗರಿಸ್ತೀನಿ."

"ಅದಕ್ಕೆ?"

"ಈ ಕಥೆ ಮುಗಿದ್ರೆ ನನ್ನ ತೆಗೀತಾರೆ. ಕೊನೇಲಿ ರಾಜಕುಮಾರಿ ಗೋಪುರದಿಂದ ಹಾರಿ ರಾಜ್ಯ ಉಳಿಸ್ತಾಳಲ್ಲ, ಅದನ್ನ ನಾನೇ ಹಾರಬೇಕು. ಒಂದೇ ಒಂದ್ಸಲ. ಕಲಿಸ್ಕೊಡಿ."

"ನೀನು ಹಾರಿದ್ರೆ ನಿನ್ನ ಮಾಮನಿಗೆ ಕೆಲಸ ಎಲ್ಲಿರುತ್ತೆ ತಾಯಿ?" ಅಂದೆ ನಾನು.

ಇವರು ನನ್ನ ಕಡೆ ನೋಡಲೇ ಇಲ್ಲ. "ನಾಳೆ ಬೇಗ ಬಾ," ಅಂದರು ಅವಳಿಗೆ.

ಶೆಡ್ಡಿನ ಹಿಂದೆ ಪೆಟ್ಟಿಗೆ ಒಟ್ಟಿ ಕಲಿಸಿದರು. ನಾನೂ ಹೋಗಿ ನೋಡಿದೆ. ಮಣಿಕಟ್ಟು ಗಿಣಿಕಟ್ಟು ಏನೂ ಇಲ್ಲ. ಕಾಲು ಅಗಲಿಸು, ಮಂಡಿ ಮಡಚು, ಬಾಯಿ ತೆರೆದು ಉಸಿರು ಬಿಡು, ಬಿದ್ದ ಮೇಲೆ ಉರುಳು. ಹುಡುಗಿ ಮೂಟೆಯ ಹಾಗೆ ಬಿದ್ದು ಚೆಂಡಿನ ಹಾಗೆ ಎದ್ದಳು.

"ಇಷ್ಟು ಸುಲಭ ಇದ್ರೆ ನೀವ್ಯಾಕೆ ಹಾಗೆ ಬಿದ್ದು ಮಂಡಿ ಹಾಳು ಮಾಡ್ಕೊಂಡ್ರಿ?" ಅಂತ ಕೇಳಿದೆ.

"ಇದು ಮನುಷ್ಯರು ಬೀಳೋದು ಕಣೇ. ಅದು ರಾಜಕುಮಾರಿ ಬೀಳೋದು."

ಗೋಪುರದ ದಿನ ಊಟದ ಡಬ್ಬಿ ಕೊಡುವ ನೆಪದಲ್ಲಿ ನಾನು ಶೆಡ್ಡಿನಲ್ಲೇ ಉಳಿದೆ. ನಾನೇ ಹಾರುತ್ತೇನೆ ಅಂತ ಹುಡುಗಿ ನಿರ್ದೇಶಕನಿಗೆ ಗಂಟುಬಿದ್ದಳು. ಒಂದು ಸಲ ನೋಡೋಣ ಅಂದ. ಹಾರಿದಳು. ಕಾಲು ಅಗಲ, ಬಾಯಿ ಅಗಲ, ಧೊಪ್ಪೆಂದು ಬಿದ್ದು, ಉರುಳಿ, ನಿಂತಳು. ಲೈಟಿನವರು ಚಪ್ಪಾಳೆ ಹೊಡೆದರು. ನಿರ್ದೇಶಕ ಪರದೆಯಲ್ಲಿ ನೋಡಿದ. ಹರಳೆಣ್ಣೆ ಕುಡಿದವನ ಮುಖ ಮಾಡಿದ.

"ಏನಮ್ಮ ಇದು, ಮೂಟೆ ಎಸೆದ ಹಾಗೆ! ಆ ಬಾಯಿ ನೋಡು. ಮಕ್ಕಳು ಹೆದರ್ಕೊಳ್ತಾರೆ."

"ಮೂರು ತಲೆ ರಾಕ್ಷಸನಿಗೆ ಹೆದರದ ಮಕ್ಕಳು ನನ್ನ ಬಾಯಿಗೆ ಹೆದರ್ತಾರಾ ಸಾರ್?"

"ಎದುರು ಮಾತಾಡ್ಬೇಡ. ಹುಡುಗಿ ಹಾರಿದ ಹಾಗೆ ಇರಬೇಕು ಅಂತ ಎಷ್ಟು ಸಲ ಹೇಳಿದ್ದೀನಿ!"

"ನಾನು ಹುಡುಗೀನೇ ಅಲ್ವಾ ಸಾರ್?"

"ನಿನಗೆ ಬರಲ್ಲ ಬಿಡು. ಎಲ್ಲಿ, ಬೆನ್ನಪ್ಪನ್ನ ಕರೀರಿ. ಹೆಣ್ಣು ಹೇಗೆ ಹಾರ್ತಾಳೆ ಅಂತ ಅವರನ್ನ ನೋಡಿ ಕಲಿ."

ಇವರು ವಿಗ್ಗು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು, "ಇವತ್ತಾಗಲ್ಲ ಸಾರ್. ಮಂಡಿ ಊದಿದೆ."

ಬೇರೆ ಬದಲಿ ಇಲ್ಲ, ಗತಿಯಿಲ್ಲದೆ ಹುಡುಗಿ ಹಾರಿದ್ದನ್ನೇ ಹಾಕುತ್ತಾರೆ ಅಂತ ಇವರ ಲೆಕ್ಕಾಚಾರ. ಅಷ್ಟು ವರ್ಷ ಆ ಶೆಡ್ಡಿನಲ್ಲಿ ಬಿದ್ದು ಎದ್ದವರಿಗೆ ಅಲ್ಲಿಯವರು ಎಂಥವರು ಅಂತ ಇನ್ನೂ ಗೊತ್ತಾಗಿರಲಿಲ್ಲ. ನಿರ್ದೇಶಕ ಕಥೆ ಬರೆಯುವವನನ್ನು ಕರೆದ. ಇಬ್ಬರೂ ಟೀ ಕುಡಿದರು. ಲೋಟ ಖಾಲಿಯಾಗುವುದರೊಳಗೆ ಕಥೆ ಬದಲಾಗಿತ್ತು. ರಾಜಕುಮಾರಿ ಗೋಪುರ ಹತ್ತುತ್ತಾಳೆ, ಕೆಳಗೆ ನೋಡುತ್ತಾಳೆ, ತಲೆ ಸುತ್ತುತ್ತದೆ. ನಾಯಕ ಹಗ್ಗ ಹಿಡಿದು ತೂಗಿಕೊಂಡು ಬಂದು ಅವಳನ್ನು ಎತ್ತಿಕೊಂಡು ಇಳಿಯುತ್ತಾನೆ. ರಾಜ್ಯವನ್ನೂ ಅವನೇ ಉಳಿಸುತ್ತಾನೆ, ಹೇಗೂ ಕೆಳಗೆ ಬಂದಿರುತ್ತಾನಲ್ಲ. ನಾಳೆ ಚಿತ್ರೀಕರಣ.

ಹುಡುಗಿ ಕಿರೀಟ ಕಿತ್ತು ನಮ್ಮ ಮುಂದೆ ಬಂದು ನಿಂತಳು.

"ಏನ್ ಮಾಡಿಬಿಟ್ರಿ ಮಾಮ! ನೀವು ಹಾರಿದ್ರೆ ರಾಜಕುಮಾರಿ ಹಾರಿದಳು ಅಂತಾದ್ರೂ ಇರ್ತಿತ್ತು. ಈಗ ತಲೆ ಸುತ್ತಿ ಬಿದ್ದಳು ಅಂತಾಯ್ತು. ನನ್ನ ತಂಗಿ ಅದನ್ನ ನೋಡ್ಬೇಕಾ?"

ಇವರು ಕೈಯಲ್ಲಿದ್ದ ವಿಗ್ಗು ಕೆಳಗಿಟ್ಟರು. ಮನೆಗೆ ಬಂದ ಮೇಲೆ ತಟ್ಟೆ ಮುಂದಿಟ್ಟರೆ ಅನ್ನ ಕಲೆಸುತ್ತಾ ಕೂತರು.

"ಒಳ್ಳೇದು ಮಾಡೋಕೆ ಹೋಗಿ ಅವಳ ಬಾಯಿಗೆ ಮಣ್ಣು ಹಾಕಿದ್ರಿ," ಅಂದೆ. ನನಗೆ ಮೆತ್ತಗೆ ಹೇಳಲು ಬರುವುದಿಲ್ಲ. "ನಾಳೆ ಹೋಗಿ ಹಾರಿ."

"ಹಾರ್ತೀನಿ. ಆದ್ರೆ ಹೇಗೆ ಹಾರ್ಲಿ?"

"ಅದನ್ನೂ ನಾನೇ ಹೇಳ್ಬೇಕಾ?"

ಮಾರನೆಯ ದಿನ ನಾನೂ ಜೊತೆಗೆ ಹೋದೆ. ಹಗ್ಗ ಕಟ್ಟುವವನಿಗೆ ತೊಲೆ ಸರಿಹೋಗದೆ ಅರ್ಧ ದಿನ ಹಾಳಾಗಿತ್ತು. ಮಂಡಿ ವಾಸಿಯಾಗಿದೆ, ನಾನೇ ಹಾರುತ್ತೇನೆ ಅಂತ ಇವರು ಹೇಳಿದ ಕೂಡಲೇ ನಿರ್ದೇಶಕನಿಗೆ ಹೋದ ಜೀವ ಬಂದಂತಾಯಿತು. ರಾಜಕುಮಾರಿಯ ತಲೆಸುತ್ತು ಅಲ್ಲೇ ನಿಂತಿತು.

ಇವರು ಲಂಗ ಹಾಕಿಕೊಂಡು ಹತ್ತಿದರು. ಹಾರಿದರು. ಕಾಲು ಅಗಲ, ಮಂಡಿ ಮಡಚಿ, ಕೈ ಮುಂದೆ, ಧೊಪ್.

"ಕಟ್! ಏನ್ರೀ ಬೆನ್ನಪ್ಪ, ಕೈ ಎಲ್ಲಿ? ಮಣಿಕಟ್ಟು ಎಲ್ಲಿ ಹೋಯ್ತು?"

"ಇನ್ನೊಂದ್ಸಲ ಹಾರ್ತೀನಿ ಸಾರ್."

ಮತ್ತೆ ಹಾಗೇ.

"ಯಾಕ್ರೀ ಇವತ್ತು ಗಂಡಸಿನ ಹಾಗೆ ಹಾರ್ತಿದೀರಿ!"

"ಇಲ್ಲ ಸಾರ್. ನಿನ್ನೆ ಹಾರಿದಳಲ್ಲ, ಆ ಹುಡುಗಿ ಹಾಗೆ ಹಾರ್ತಿದೀನಿ."

ಶೆಡ್ಡಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ಒಂದು ಮೂಲೆಯಲ್ಲಿ ಕಿರೀಟ ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು ಎದ್ದು ನಿಂತಳು. ನಿರ್ದೇಶಕ ಮೂರನೆಯ ಸಲ ಹಾರಿಸಿದ. ಇವರು ಮೂರನೆಯ ಸಲವೂ ಹಾಗೇ ಹಾರಿದರು. ಅಷ್ಟರಲ್ಲಿ ಶೆಡ್ಡು ಬಿಟ್ಟುಕೊಡುವ ಹೊತ್ತಾಯಿತು. ಬೇರೆ ಧಾರಾವಾಹಿಯವರು ತಮ್ಮ ಭೂತಕ್ಕೆ ಬಣ್ಣ ಹಚ್ಚಿ ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಭೂತ ಒಳಗೆ ಇಣುಕಿ "ಇನ್ನೂ ಎಷ್ಟೊತ್ತು ಸಾರ್?" ಅಂತ ಕೇಳಿತು.

"ಹಾಳಾಗಿ ಹೋಗ್ಲಿ, ಇದೇ ಇರ್ಲಿ," ಅಂದ ನಿರ್ದೇಶಕ. "ಅವಳದ್ದರಲ್ಲಿ ಆ ಬಾಯಿ ಕಾಣುತ್ತೆ. ಇದರಲ್ಲಿ ಬೆನ್ನು ತಾನೇ."

ಆ ಕಂತು ಟೀವಿಯಲ್ಲಿ ಬಂದ ದಿನ ಹುಡುಗಿ ತಂಗಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಎಲ್ಲರೂ ನೆಲದ ಮೇಲೆ ಕೂತು ನೋಡಿದೆವು. ರಾಜಕುಮಾರಿ ಗೋಪುರದ ತುದಿಯಿಂದ ಕಾಲು ಅಗಲಿಸಿ ಹಾರಿದಳು. ನೆಲ ಮುಟ್ಟಿದಾಗ ಮಾತ್ರ ಸಣ್ಣ ಗಂಟೆಗಳ ಕಿಣಿಕಿಣಿ ಕೇಳಿಸಿತು. ಹಾರಿದ್ದನ್ನು ಬದಲಿಸಲಾಗದೆ, ಬಿದ್ದ ಸದ್ದನ್ನಾದರೂ ಚೆಂದ ಮಾಡಿದ್ದರು.

"ಅಕ್ಕ, ಅದು ನೀನಾ?" ಅಂದಳು ತಂಗಿ.

ಹುಡುಗಿ ಇವರ ಮುಖ ನೋಡಿದಳು.

"ಹಾರಿದ್ದು ಅವಳ ಹಾಗೇನೇ ಮಗು," ಅಂದರು ಇವರು. "ನಾನು ಲಂಗ ಮಾತ್ರ ಹಾಕ್ಕೊಂಡಿದ್ದೆ."

"ಹಾಗಾದ್ರೆ ತೋರಿಸು," ಅಂದಳು ಚಿಕ್ಕವಳು. ಹುಡುಗಿ ನಮ್ಮ ಅಡುಗೆಮನೆಯ ಕಟ್ಟೆ ಹತ್ತಿ ಹಾರಿ ತೋರಿಸಿದಳು. ಎರಡು ಲೋಟ ಉರುಳಿದವು. ಇವರು ಅಷ್ಟು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಇವರನ್ನು ಮತ್ತೆ ಕರೆಯಲಿಲ್ಲ. ಹೊಸ ಮುಖ ಬಂತು, ಹೊಸ ಬೆನ್ನೂ ಬಂತು, ಯಾರೋ ಚಿಕ್ಕ ವಯಸ್ಸಿನವನು, ಮಣಿಕಟ್ಟು ಚೆನ್ನಾಗಿದೆಯಂತೆ. ಇವರು ವಾಪಸ್ಸು ಗೋಡೆಗಳಿಗೆ ಹೋದರು. ಮೀಸೆ ಬಿಟ್ಟರು, ಬೆಳ್ಳಗೆ ಬಂತು. ಒಂದು ಮಧ್ಯಾಹ್ನ ಊಟ ಮಾಡಿ ಗೋಡೆಗೊರಗಿ ಕೂತವರು ಏಳಲಿಲ್ಲ. ಏಣಿಯಿಂದ ಬಿದ್ದರಾ ಅಂತ ಬಂದವರೆಲ್ಲ ಕೇಳಿದರು. ಕೂತಲ್ಲೇ ಹೋದರು ಅಂದೆ. ಯಾರೂ ನಂಬಲಿಲ್ಲ.

ಈಗ ಆ ಧಾರಾವಾಹಿಯನ್ನು ಮತ್ತೆ ಹಾಕುತ್ತಿದ್ದಾರೆ. ನಾನು ಎಲ್ಲ ಕಂತುಗಳನ್ನೂ ನೋಡುವುದಿಲ್ಲ. ಮಣಿಕಟ್ಟು ಬಾಗಿಸಿಕೊಂಡು ಬೀಳುವಾಗ ಅವರ ಮಂಡಿಗೆ ಎಷ್ಟು ನೋವಾಗಿತ್ತು ಅಂತ ನನಗೆ ಗೊತ್ತು, ಆಗ ಎದ್ದು ಒಳಗೆ ಹೋಗುತ್ತೇನೆ. ಗೋಪುರದ ಕಂತು ಮಾತ್ರ ನೋಡಿದೆ. ಟೀವಿಯ ಸದ್ದು ಪೂರ್ತಿ ನಿಲ್ಲಿಸಿ, ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಅವರು ಹಾರಿ ನೆಲ ಮುಟ್ಟಿದಾಗ, ಧೊಪ್, ಅಂತ ನಾನೇ ಅಂದೆ.