ಹತ್ತಿ ಹೂವಿಗೂ ಹತ್ತರ ಕ್ಲಾಸಿಗೂ

ರಾಣೆಬೆನ್ನೂರಿನ ಕಾಲೇಜಿಗೆ ಸೇರಿದ ವಾರವೇ ನಾನು ಮನೆಯಲ್ಲಿ ಸುಳ್ಳು ಹೇಳಿದೆ, ನಮ್ಮ ಕ್ಲಾಸು ಶುರುವಾಗುವುದು ಹನ್ನೆರಡಕ್ಕೆ ಅಂತ. ನಿಜವಾಗಿ ಹತ್ತಕ್ಕೆ. ಎರಡು ಸಾವಿರದ ಐದರ ಸುಮಾರಿನ ಮಾತು.

ಕಾರಣ ಹತ್ತಿ. ಹಲಗೇರಿಯ ನಮ್ಮ ಹೊಲದಲ್ಲಿ ಅರ್ಧ ಎಕರೆ ಬೀಜದ ಹತ್ತಿ, ಅಂದರೆ ಹೈಬ್ರಿಡ್ ಬೀಜಕ್ಕೆಂದೇ ಬೆಳೆಯುವ ಹತ್ತಿ, ಇತ್ತು. ಸಂಜೆ ಮೊಗ್ಗಿನೊಳಗಿನ ಗಂಡು ಭಾಗವನ್ನು ಉಗುರಿನಿಂದ ಚಿವುಟಿ ತೆಗೆಯಬೇಕು, ಮರುದಿನ ಮುಂಜಾನೆ ಬೇರೆ ತಳಿಯ ಹೂವು ತಂದು ಅದಕ್ಕೆ ಸವರಬೇಕು. ಹನ್ನೊಂದು ದಾಟಿತೋ, ಆ ಹೂವು ಹೋದಂತೆಯೇ. ಆ ಕೆಲಸಕ್ಕೆ ಇದ್ದವರು ಅವ್ವ ಮತ್ತು ನಾನು. ಹತ್ತಕ್ಕೆ ಕ್ಲಾಸು ಎಂದರೆ ಅಪ್ಪ ಕಾಲೇಜನ್ನೇ ಬಿಡಿಸುತ್ತಾನೆ ಎಂದು ನನ್ನ ಭಯ. ಆಗಲೇ ಮನೆಯಲ್ಲಿ ವರನ ಮಾತು ಒಮ್ಮೆ ಬಂದು ಹೋಗಿತ್ತು.

ಹೂವು ಹನ್ನೊಂದಕ್ಕೆ ಕೆಡುತ್ತದೆ, ಪುಸ್ತಕವನ್ನು ಯಾವಾಗ ಬೇಕಾದರೂ ತೆರೆಯಬಹುದು ಎಂಬುದು ನನ್ನ ಜಾಣತನ. ಮೊದಲ ಎರಡು ಪಿರಿಯಡ್ಡಿನ ನೋಟ್ಸನ್ನು ಗೆಳತಿಯಿಂದ ತಂದು ಸಂಜೆ ಬರೆದುಕೊಳ್ಳುವುದೆಂದು ಟೈಮ್‌ಟೇಬಲ್ ಬೇರೆ ಹಾಕಿದ್ದೆ. ಮೊಗ್ಗು ಚಿವುಟಿ ಬಂದು ಕುಳಿತರೆ ಅರ್ಧ ಪುಟಕ್ಕೇ ತೂಕಡಿಕೆ. ಎರಡು ದೋಣಿಯಲ್ಲಿ ಕಾಲಿಟ್ಟವಳಿಗೆ ಮತ್ತೇನಾಗುತ್ತದೆ!

ಪರೀಕ್ಷೆಗೆ ಇನ್ನೂ ಒಂದೂವರೆ ತಿಂಗಳಿರುವಾಗ ಹಾಜರಿ ಕಡಿಮೆಯಾದವರ ಪಟ್ಟಿ ಹಚ್ಚಿದರು. ಅದರಲ್ಲಿ ನಾನಿದ್ದೆ. ಹಾಜರಿ ತುಂಬದಿದ್ದರೆ ಹಾಲ್ ಟಿಕೆಟ್ ಇಲ್ಲ, ತಂದೆಯನ್ನು ಕರೆತರಬೇಕು ಎಂದರು. ಒಂದು ವರ್ಷ ಹೋದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಮನೆಯಲ್ಲಿ "ಸರ್ ಕರದಾರ" ಎಂದಷ್ಟೇ ಹೇಳಿದೆ. ಮಗಳಿಗೇನೋ ಬಹುಮಾನ ಬಂದಿದೆ ಎಂದುಕೊಂಡು ಅಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದ.

ಸರ್ ಹಾಜರಿ ಪುಸ್ತಕ ತೆರೆದು, "ಮುಂಜಾನಿ ಎರಡು ಪಿರಿಯಡ್ಡಿಗೆ ನಿಮ್ಮ ಮಗಳು ಬರೂದ ಇಲ್ರಿ" ಎಂದರು.

"ಕಾಲೇಜು ಹನ್ನೆರಡಕ್ಕ ಅಲ್ರಿ ಸರ?"

ಸರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಪ್ಪನಿಗೆ ತಿಳಿಯಿತು.

"ತಪ್ಪು ನಂದೈತ್ರಿ ಸರ. ಹೊಲದ ಕೆಲಸಕ್ಕ ನಾನ ನಿಂದ್ರಿಸ್ಕೊಂಡಿದ್ದೆ."

ಸರ್ ನಂಬಲಿಲ್ಲ, ಆದರೆ ಮೆತ್ತಗಾದರು. "ಇನ್ನ ಒಂದಿನಾನೂ ತಪ್ಪಿಸಬ್ಯಾಡ. ಹೆಂಗೋ ಹಾಜರಿ ಕೂಡತೈತಿ" ಎಂದು ನನಗೆ ಹೇಳಿ ಕಳಿಸಿದರು.

ಬಸ್ ಸ್ಟ್ಯಾಂಡಿನವರೆಗೂ ಅಪ್ಪ ನನ್ನ ಮುಂದೆ ಮುಂದೆಯೇ ನಡೆದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಸ್ಸು ಕಾಯುತ್ತ ನಿಂತಾಗ ಕೇಳಿದ:

"ಯಾಕವ್ವಾ ಹೇಳ್ಲಿಲ್ಲ?"

"ಕಾಲೇಜು ಬಿಡಸ್ತಿ ಅಂತ ಅಂಜಿದ್ದೆ."

"ಅಂಥಾಂವ ಅಂತ ತಿಳಕೊಂಡಿದ್ದೇನು ನನ್ನ?"

ನನಗೆ ನಾಚಿಕೆಯಿಂದ ಸತ್ತುಹೋಗಬೇಕು ಅನಿಸಿತು. ಮನೆ ಮುಟ್ಟುವವರೆಗೂ ತಲೆ ಎತ್ತಲಿಲ್ಲ.

ಮರುದಿನ ಒಂಬತ್ತೂಕಾಲಿನ ಬಸ್ಸು ಹತ್ತಿದೆ. ಕಿಟಕಿಯಿಂದ ನಮ್ಮ ಹೊಲ ಕಂಡಿತು. ನಾನು ಹೂವು ಸವರುತ್ತಿದ್ದ ಸಾಲಿನಲ್ಲಿ ಅಪ್ಪ ಬಗ್ಗಿ ನಿಂತಿದ್ದ. ಅವನ ದಪ್ಪ ಬೆರಳಿಗೆ ಹತ್ತರಲ್ಲಿ ನಾಲ್ಕು ಹೂವು ಮುರಿಯುತ್ತಿದ್ದವಂತೆ. ಸಂಜೆ ಮನೆಗೆ ಬಂದಾಗ ಅವ್ವ ನಗುತ್ತಲೇ ಹೇಳಿದಳು. ನನಗೆ ಅಳು ಬಂತು. ಹಾಲ್ ಟಿಕೆಟ್ ನನ್ನ ಕೈಗೆ ಬರುವವರೆಗೂ ಅಪ್ಪ ಆ ಸಾಲು ಬಿಡಲಿಲ್ಲ.