ತೆಗಿ ಎಂದು ಬರೆದ ಬಟನ್

ನನಗೆ ತಾಳ್ಮೆ ಕಡಿಮೆ. ಈ ಮಾತನ್ನು ಅತ್ತೆ ಹೇಳಿದ್ದರೆ ಜಗಳ ತೆಗೆಯುತ್ತಿದ್ದೆ, ಆದರೆ ಹೇಳುತ್ತಿದ್ದವಳು ನನ್ನ ಅವ್ವ. "ಏಳ ತಿಂಗಳಿಗೆ ಹುಟ್ಟಿದಾಕಿ ನೀ, ಅವಾಗಿಂದನ ನಿಂಗ ಅವಸರ" ಎನ್ನುತ್ತಿದ್ದಳು. ನನ್ನ ಕೆಲಸವೂ ಅವಸರದ್ದೇ. ಮುಂಬೈ ಹತ್ತಿರದ ಡೊಂಬಿವಲಿಯ ಫ್ಲ್ಯಾಟಿನ ಒಂದು ಕೋಣೆಯ ಗೋಡೆಗೆಲ್ಲ ಸದ್ದು ದಾಟದ ಹಾಗೆ ಸ್ಪಂಜು ಹೊಡೆಸಿ, ಅಲ್ಲೇ ಕೂತು ಮರಾಠಿ ಧಾರಾವಾಹಿಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ಸೊಸೆ ಅತ್ತರೆ ಕೊಳಲು, ಅತ್ತೆ ಹೊಸ್ತಿಲಲ್ಲಿ ಕಾಣಿಸಿಕೊಂಡರೆ ಢಂ. ಬೆಳಿಗ್ಗೆ ದೃಶ್ಯ ಬರುತ್ತದೆ, ಸಂಜೆಯೊಳಗೆ ಸಂಗೀತ ಹೋಗಬೇಕು. ಒಂದೇ ಕೆಲಸಕ್ಕೆ ಕಂಪ್ಯೂಟರ್ ಕೀಬೋರ್ಡಿನ ಮೂರು ನಾಲ್ಕು ಕೀಲಿಗಳನ್ನು ದಿನವಿಡೀ ಒಟ್ಟಿಗೆ ಅದುಮಿ ಅದುಮಿ ಬಲ ಮಣಿಕಟ್ಟು ಸೋತುಹೋಗಿತ್ತು. ಚಪಾತಿ ಲಟ್ಟಿಸಲೂ ಆಗುತ್ತಿರಲಿಲ್ಲ.

ಅದಕ್ಕೇ ಆ ಬಟನ್ ಪೆಟ್ಟಿಗೆ ತರಿಸಿದ್ದು. ಅಂಗೈಯಗಲದ ಪೆಟ್ಟಿಗೆ, ಒಂದೊಂದು ಬಟನ್ನಿನ ಮೇಲೂ ಪುಟ್ಟ ಪರದೆ. ಯಾವ ಬಟನ್ ಏನು ಮಾಡಬೇಕು, ಅದರ ಮೇಲೆ ಏನು ಬರೆದಿರಬೇಕು, ಎಲ್ಲ ನಾವೇ ಹೇಳಿಕೊಡಬಹುದು. ಹತ್ತು ಕೀಲಿಗಳ ಕೆಲಸ ಒಂದು ಒತ್ತಿಗೆ ಮುಗಿಯುತ್ತದೆ. ಹೆಸರುಗಳನ್ನು ಕನ್ನಡದಲ್ಲಿ ಬರೆದೆ: ಕೊಯ್ಯಿ, ಅಂಟಿಸು, ತಗ್ಗಿಸು, ಹಿಂದಕ್ಕೆ. ಇದು ಕನ್ನಡಾಭಿಮಾನವೇನಲ್ಲ. ಅಪ್ಪ ತೀರಿಕೊಂಡ ಮೇಲೆ ವಿಠ್ಠಲವಾಡಿಯ ಚಾಳಿನ ಮನೆ ಬಿಟ್ಟು ನಮ್ಮಲ್ಲಿಗೆ ಬಂದಿದ್ದ ಅವ್ವನಿಗೆ ನನ್ನ ಕೋಣೆಯಲ್ಲಿ ಓದಲು ಬರುವಂಥದ್ದು ಒಂದೂ ಇರಲಿಲ್ಲ. ಮರಾಠಿ ಶಾಲೆಗೆ ಹೋಗುತ್ತಿದ್ದ ನನಗೆ ಕನ್ನಡದ ಅಕ್ಷರ ತಿದ್ದಿಸಿದವಳು ಅವಳು. ಬಟನ್ನುಗಳನ್ನು ಒಂದೊಂದಾಗಿ ಓದಿ ಬಹಳ ಖುಷಿಪಟ್ಟಳು.

ಕೊನೆಯ ಬಟನ್ನಿನ ಮೇಲೆ 'ತೆಗಿ' ಎಂದು ಬರೆದಿದ್ದೆ. ನನ್ನ ಪೆಟ್ಟಿಗೆಯಲ್ಲೇ ಅತ್ಯಂತ ಚುರುಕಿನ ಬಟನ್ ಅದು. ಪರದೆಯ ಮೇಲೆ ಆರಿಸಿಟ್ಟ ಧ್ವನಿಯ ತುಣುಕುಗಳನ್ನು ಅಳಿಸಿ, ಡಿಸ್ಕಿನಿಂದಲೂ ಒರೆಸಿ, ಉಳಿದದ್ದನ್ನು ಸೇವ್ ಮಾಡುತ್ತಿತ್ತು. ನಡುವೆ ಕಂಪ್ಯೂಟರ್ 'ನಿಜವಾಗಿಯೂ ಅಳಿಸಬೇಕೇ?' ಎಂದು ಕೇಳಿದರೆ ಹೌದು ಎಂದು ತಾನೇ ಉತ್ತರ ಕೊಡುತ್ತಿತ್ತು. ನನಗೆ ಆ ಪ್ರಶ್ನೆ ಕಂಡರೆ ಮೈ ಉರಿಯುತ್ತಿತ್ತು. ಉಡುಪಿಯವನಾದ ಗಂಡ, ಥಾಣೆ ಪೇಟೆಯ ಹೋಟೆಲಿನ ಕೆಲಸದಿಂದ ಬಂದವನು, ಆ ಬಟನ್ ನೋಡಿ "ಇದೆಂತ ತೆಗಿಲಿಕ್ಕೆ, ಬಾಗಿಲಾ?" ಎಂದು ಕೇಳಿದ. ನಾನು ನಕ್ಕುಬಿಟ್ಟೆ.

ಆಮೇಲೆ ಅವ್ವನ ಗಂಟಲಲ್ಲಿ ಗಡ್ಡೆ ಕಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ಕತ್ತಿನಲ್ಲಿ ಒಂದು ತೂತು, ಉಸಿರಾಟ ಅಲ್ಲಿಂದ, ಮಾತು ಇನ್ನಿಲ್ಲ. ಅವಳು ಅಳಲಿಲ್ಲ. "ಹಾಡ ಹಿಡದಿಟ್ಕೋ, ನಿನ್ನ ಮಷೀನಿನ್ಯಾಗ" ಎಂದಳು.

ಆಪರೇಶನ್ನಿಗೆ ಮುಂಚೆ ಮಧ್ಯಾಹ್ನಗಳಲ್ಲಿ ಕೂತು ಹಾಡುಗಳನ್ನು ರೆಕಾರ್ಡ್ ಮಾಡಿದೆವು. ಬೀಸುವ ಪದ, ಸೋಬಾನೆ, ನನಗೆ ಹಾಡಿದ್ದ ಜೋಗುಳ. ರೊಟ್ಟಿ ಬಡಿಯುತ್ತ ಹಾಡಿ ರೂಢಿಯಾದವಳು, ಕೈ ಸುಮ್ಮನಿದ್ದರೆ ಪದ ನೆನಪಾಗುತ್ತಿರಲಿಲ್ಲ. ತೊಡೆ ಬಡಿಯುತ್ತ ಹಾಡಿದಳು. ಫ್ಯಾನಿನ ಸದ್ದು ಬರಬಾರದೆಂದು ಫ್ಯಾನು ಆರಿಸಿ, ಲೋಕಲ್ ರೈಲಿನ ಸದ್ದು ಬರಬಾರದೆಂದು ಬಾಗಿಲು ಮುಚ್ಚಿದ್ದೆ. ಮೊದಲ ದಿನ ಮೈಕು ಸರಿಮಾಡುತ್ತಿರುವಾಗಲೇ ಗೊಣಗಿದಳು: "ಬಾಗಲಾ ತೆಗಿಯವಾ, ಉಸರ ಕಟ್ಟಾಕತ್ತೈತಿ." ಆ ಮಾತೂ ರೆಕಾರ್ಡ್ ಆಗಿತ್ತು. ತಮಾಷೆಗೆ ಒಂದು ಬಟನ್ನಿಗೆ ಹಾಕಿ, ಗಂಡ ಬಂದಾಗ ಒತ್ತಿ ಕೇಳಿಸಿದೆ. ಮೂವರೂ ನಕ್ಕೆವು. ಮಾರನೆಯ ದಿನ ಆ ಬಟನ್ನಿಗೆ ಬೇರೆ ಕೆಲಸ ಹಚ್ಚಿದೆ.

ಆಸ್ಪತ್ರೆಯಿಂದ ಬಂದ ಮೇಲೆ ಮಕ್ಕಳು ಬರೆದು ಒರೆಸುವ ಪಾಟಿಯೇ ಅವಳ ಬಾಯಿ. ದಿನಾ ಊಟವಾದ ಮೇಲೆ ನನ್ನ ಕೋಣೆಗೆ ಬಂದು ಕಿವಿ ತೋರಿಸುವಳು. ನಾನು ಹಾಡು ಹಚ್ಚುವೆ. ತನ್ನ ದನಿಗೆ ತಾನೇ ತೊಡೆ ಬಡಿಯುತ್ತ ಕೂರುವಳು. ಆ ಒಂದು ಗಂಟೆಯಲ್ಲಿ ಮಾತ್ರ ಅವಳ ಮುಖ ಮೊದಲಿನಂತಿರುತ್ತಿತ್ತು.

ಒಂದು ದಿನ ಥಾಣೆಯಲ್ಲಿ ಮೀಟಿಂಗ್. ಹಾಡುಗಳ ಸದ್ದನ್ನು ಒಂದೇ ಸಮ ಮಾಡಲು ಎಲ್ಲವನ್ನೂ ಪರದೆಯ ಮೇಲೆ ಒಟ್ಟಿಗೆ ಆರಿಸಿಟ್ಟಿದ್ದೆ. ಅಷ್ಟರಲ್ಲಿ ಫೋನ್ ಬಂತು, ಹಾಗೆಯೇ ಬಿಟ್ಟು ಲೋಕಲ್ ಹಿಡಿಯಲು ಓಡಿದೆ. ತಿರುಗಿ ಬಂದಾಗ ಅವ್ವ ನನ್ನ ಕುರ್ಚಿಯಲ್ಲಿ ಕೂತಿದ್ದಳು, ಬೆರಳು ಬಟನ್ನಿನ ಮೇಲೆ. ನನ್ನನ್ನು ನೋಡಿ ಮುಖ ಅರಳಿತು. ಪಾಟಿ ಎತ್ತಿ ತೋರಿಸಿದಳು: "ತೆಗಿ ಅಂತ ಬರದಿ. ಒತ್ತೀನಿ. ಹಾಡ ಬರವಲ್ವು."

ಪರದೆ ಖಾಲಿ. ಒಂದು ತುಣುಕೂ ಇಲ್ಲ.

ಪೆಟ್ಟಿಗೆ ತೆಗಿ, ಡಬ್ಬಿ ತೆಗಿ, ಬಾಗಿಲು ತೆಗಿ. ಜೀವನವಿಡೀ ಹಾಗೆ ಹೇಳಿದವಳು, ಹಾಡು ತೆಗೆಯಲು ಅದನ್ನೇ ಒತ್ತಿದ್ದಳು. ನಮ್ಮ ಭಾಷೆಯಲ್ಲಿ ತೆರೆಯುವುದಕ್ಕೂ ತೆಗೆದುಹಾಕುವುದಕ್ಕೂ ಅದೊಂದೇ ಮಾತು ಎಂಬುದು ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಕಿರುಚಿದೆ. "ಯಾರ್ ಮುಟ್ಟಂದ್ರು ನಿಂಗ? ಎಲ್ಲಾ ಹೋತಲ್ಲಬೇ, ಎಲ್ಲಾ ಹೋತು!" ಬಾಯಿಲ್ಲದವಳ ಮೇಲೆ ಬಾಯಿ ಮಾಡಿದೆ. ಅವಳ ಬಾಯಿ ತೆರೆಯಿತು, ಸದ್ದಿಲ್ಲ, ಕತ್ತಿನ ತೂತಿನಿಂದ ಬುಸ್ ಎಂದು ಗಾಳಿ ಮಾತ್ರ. ಪಾಟಿ ಒರೆಸಿ ಮಡಿಲಲ್ಲಿ ಕವುಚಿ ಇಟ್ಟುಕೊಂಡಳು.

ಹಿಂದಕ್ಕೆ ಎಂಬ ಬಟನ್ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ. ಡಿಸ್ಕಿನಿಂದ ಒರೆಸಿದ್ದನ್ನು ಅದು ತರುವುದಿಲ್ಲ. ಬ್ಯಾಕಪ್ ಡಿಸ್ಕೂ ನನ್ನ ಹಾಗೆಯೇ ಚುರುಕು: ಇಲ್ಲಿ ಅಳಿಸಿದ್ದನ್ನು ತಾಸಿನೊಳಗೆ ಅಲ್ಲಿಯೂ ಅಳಿಸಿ ಕೂತಿತ್ತು. ಮರುದಿನ ಕಂಪ್ಯೂಟರನ್ನು ಮಗುವಿನಂತೆ ಎದೆಗವುಚಿಕೊಂಡು ಥಾಣೆಯಲ್ಲಿ ಗಾಡಿ ಬದಲಿಸಿ ವಾಶಿಗೆ ಹೋದೆ. ಅಳಿಸಿದ್ದನ್ನು ವಾಪಸು ತೆಗೆಯುವ ಅಂಗಡಿಯವನು ನೋಡಿ ಕೈಚೆಲ್ಲಿದ. "ಮ್ಯಾಡಮ್, ನಯಾ ಟೈಪ್ ಕಾ ಡಿಸ್ಕ್ ಹೈ. ಡಿಲೀಟ್ ಕಿಯಾ ತೋ ಗಯಾ." ನೆರೂಳಿನಲ್ಲಿ ಇನ್ನೊಬ್ಬನಿದ್ದಾನೆ ಎಂದು ಅಲ್ಲಿಗೂ ಹೋದೆ. ಅವನೂ ಅದನ್ನೇ ಹೇಳಿದ. ಬರುವಾಗ ಗಾಡಿಯಲ್ಲಿ ಬೀಸುವ ಪದದ ಮೊದಲ ಸಾಲು ನೆನಪಿಸಿಕೊಳ್ಳಲು ನೋಡಿದೆ. ಮಾತು ಬಂತು, ಅವಳ ದನಿ ಬರಲಿಲ್ಲ. ಮಹಿಳಾ ಡಬ್ಬಿಯಲ್ಲಿ ಎಲ್ಲರೆದುರು ಗೊಳೋ ಎಂದು ಅತ್ತೆ.

ಆಮೇಲೆ ಅವ್ವ ನನ್ನ ಕೋಣೆಗೆ ಬರುವುದನ್ನು ನಿಲ್ಲಿಸಿದಳು. ತಪ್ಪು ನಿಂದಲ್ಲ ಎಂದು ಎಷ್ಟು ಹೇಳಿದರೂ ಗೋಡೆಯ ಕಡೆ ತಿರುಗಿ ಮಲಗುವಳು. ಪಾಟಿಯನ್ನೂ ಮುಟ್ಟುತ್ತಿರಲಿಲ್ಲ. ಅವಳ ದನಿಯನ್ನು ಎರಡನೇ ಸಲ ತೆಗೆದವಳು ನಾನು ಅನ್ನಿಸುತ್ತಿತ್ತು. ಮೊದಲನೆಯದು ಅವಳನ್ನು ಉಳಿಸಲಾದರೂ ಆಗಿತ್ತು.

ಆ ಹಾಳು ಬಟನ್ನನ್ನು ಕಿತ್ತುಹಾಕಬೇಕೆಂದು ಒಂದು ಬೆಳಿಗ್ಗೆ ಪೆಟ್ಟಿಗೆಯ ಸೆಟ್ಟಿಂಗ್ ತೆರೆದೆ. ಹಿಂದೆ ಬಟನ್ನುಗಳಿಗೆ ಹಾಕಿದ ಸದ್ದುಗಳ ಪ್ರತಿಯನ್ನು ಅದು ತನ್ನದೇ ಜಾಗದಲ್ಲಿ ಇಟ್ಟುಕೊಂಡಿತ್ತು. ಅಲ್ಲಿ ಒಂದೇ ಒಂದು ಸದ್ದು. ಒತ್ತಿದೆ.

"ಬಾಗಲಾ ತೆಗಿಯವಾ, ಉಸರ ಕಟ್ಟಾಕತ್ತೈತಿ."

ಹಾಡಲ್ಲ, ಗೊಣಗಾಟ. ನಾಲ್ಕು ಕಡೆ ಪ್ರತಿ ಮಾಡಿಟ್ಟೆ. 'ತೆಗಿ' ಬಟನ್ನಿನ ಹಳೆಯ ಕೆಲಸ ಕಿತ್ತು, ಈ ಮಾತನ್ನು ಹಚ್ಚಿದೆ. ಉದ್ದನೆಯ ವೈರು ತಂದು ಪೆಟ್ಟಿಗೆಯನ್ನು ಹೊರಕೋಣೆಗೆ ಎಳೆದು ಅವಳ ಮಂಚದ ಪಕ್ಕಕ್ಕಿಟ್ಟೆ. ಸ್ಪೀಕರ್ ನನ್ನ ಕೋಣೆಯಲ್ಲೇ ಉಳಿಯಿತು. "ಏನರೆ ಬೇಕಂದ್ರ ಇದನ್ನ ಒತ್ತಬೇ, ನಾ ಬರ್ತೀನಿ" ಎಂದೆ. ಅವಳು ಪೆಟ್ಟಿಗೆಯನ್ನು ನೋಡಲೂ ಇಲ್ಲ. ನಾನು ಒಳಹೋಗಿ ಬಾಗಿಲು ಮುಚ್ಚಿ ಕೆಲಸಕ್ಕೆ ಕೂತೆ.

ಮಧ್ಯಾಹ್ನ, ಊಟವಾದ ಮೇಲಿನ ಅದೇ ಹೊತ್ತಿಗೆ, ಸ್ಪೀಕರಿನಿಂದ ಅವ್ವ ಗೊಣಗಿದಳು. ಓಡಿಹೋಗಿ ಬಾಗಿಲು ತೆಗೆದೆ. ಮಂಚದ ಮೇಲೆ ಎದ್ದು ಕೂತಿದ್ದಳು. ಬಾಗಿಲು ತೆರೆದಿದ್ದರಿಂದ ಈಗ ತನ್ನ ದನಿ ಅವಳಿಗೂ ಕೇಳುವಂತಾಗಿತ್ತು. ಮತ್ತೆ ಒತ್ತಿದಳು.

"ತೆಗದೇನಲ್ಲಬೇ" ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಎಡಗೈಯಿಂದ ತೊಡೆ ಬಡಿಯುತ್ತಿದ್ದಳು.