ಏಣಿಯ ಕೆಳಗಿನ ಕೂಲಿ

ನನ್ನ ಅಪ್ಪನಿಗೆ ಊರಿನವರೆಲ್ಲ ಇಟ್ಟ ಹೆಸರು ಪಾಚಿಯಣ್ಣ. ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಹೊರಗೋಡೆಯನ್ನು ಉಗುರಿನಿಂದ ಕೆರೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡುವ ಚಾಳಿ ಅವನದು. ಒಮ್ಮೆ ಸಾವಿನ ಮನೆಯಲ್ಲೂ ಹಾಗೆ ಮಾಡಿ ಅಮ್ಮನ ಮೊಣಕೈಯಿಂದ ತಿವಿಸಿಕೊಂಡಿದ್ದ. ಹೆಸರನ್ನು ಅಪ್ಪ ಖುಷಿಯಿಂದಲೇ ಒಪ್ಪಿಕೊಂಡಿದ್ದ. ಆದರೆ ಯಾರಾದರೂ ಅಮ್ಮನನ್ನು ಪಾಚಿಯಮ್ಮ ಎಂದರೆ ಮಾತ್ರ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮನೆಗಳ ಹೊರಮೈ ತೊಳೆಯುವುದು ಅವರಿಬ್ಬರ ಕಸುಬು. ಗೋಡೆ, ಕಿಟಕಿಯ ಗಾಜು, ಕಾಂಪೌಂಡು, ಸಜ್ಜದ ಅಡಿಯ ಜೇಡರ ಬಲೆ, ತಾರಸಿಯ ಪೈಪಿನ ಬಾಯಿಯಲ್ಲಿ ಸಿಕ್ಕಿ ಕೊಳೆತ ಎಲೆ, ಎಲ್ಲವೂ. ಒಂದು ತಳ್ಳುಗಾಡಿ, ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಚಾಚಿಕೊಂಡ ಉದ್ದನೆಯ ಮರದ ಏಣಿ, ನಾಲ್ಕು ಬಕೆಟ್ಟು, ಒಂದು ರಾಶಿ ಬ್ರಷ್ಷು, ಮನಸ್ಸು ಬಂದರೆ ಮಾತ್ರ ಓಡುವ ಒಂದು ಪಂಪು. ಬೆಳಿಗ್ಗೆ ಏಳಕ್ಕೆ ಗಾಡಿ ಹೊರಟರೆ ಅದರ ಚಕ್ರದ ಕಿರುಗುಟ್ಟುವಿಕೆಗೇ ಬೀದಿಯ ಅರ್ಧ ಜನ ಏಳುತ್ತಿದ್ದರು. ಮೊನ್ನೆ ಯಾವುದೋ ಬೀದಿಯಲ್ಲಿ ನಡೆಯುತ್ತಿದ್ದಾಗ ಒದ್ದೆ ಸುಣ್ಣದ ಗೋಡೆಯ ಮೇಲೆ ಸೋಪಿನ ನೀರು ಹರಿದ ವಾಸನೆ ಬಂತು. ನನ್ನ ಕಾಲು ತಾನಾಗಿ ನಿಂತಿತು, ಕಣ್ಣು ತುಂಬಿತು. ಆ ದಿನಗಳು ಮತ್ತೆ ಬರುವುದಿಲ್ಲ, ನನಗೆ ಅವು ಬೇಕು, ಅಷ್ಟೇ.

ಈಗಿನವರು ಗೇಟಿನ ಹೊರಗೇ ನಿಂತು ರೇಟು ಹೇಳುತ್ತಾರೆ. ನೋಡುವುದು ಗೋಡೆಯನ್ನಲ್ಲ, ಅಂಗಳದಲ್ಲಿ ನಿಂತ ಕಾರನ್ನು. ಅಪ್ಪನ ಪದ್ಧತಿ ಬೇರೆ. ಅವನು ಮೊದಲು ಮನೆಯ ಹಿಂಬದಿಗೆ ಹೋಗುತ್ತಿದ್ದ. ಅಲ್ಲಿ ಸೀಮೆಸುಣ್ಣದಿಂದ ಒಂದು ತೋಳುದ್ದ, ಒಂದು ತೋಳಗಲದ ಚೌಕ ಬರೆದು, ಅದೊಂದನ್ನು ಮಾತ್ರ ತೊಳೆಯುತ್ತಿದ್ದ. ಅಮ್ಮ ಪಕ್ಕದಲ್ಲಿ ಕೈಗಡಿಯಾರ ನೋಡುತ್ತ ನಿಂತಿದ್ದು, ಕೊನೆಗೆ "ಆರೂವರೆ ನಿಮಿಷ" ಎಂದೋ "ಒಂಬತ್ತು" ಎಂದೋ ಹೇಳುತ್ತಿದ್ದಳು. ಆಮೇಲೆ ಅಪ್ಪ ಮನೆಯ ಸುತ್ತ ಹೆಜ್ಜೆ ಹಾಕಿ, ಇಡೀ ಮನೆಗೆ ಅಂಥ ಚೌಕ ಎಷ್ಟು ಎಂದು ಲೆಕ್ಕ ಹಿಡಿದು, ಸೋಪಿಗೆ ಇಷ್ಟು, ಬ್ರಷ್ಷು ಸವೆಯುವುದಕ್ಕೆ ಇಷ್ಟು, ಪಂಪಿನ ಎಣ್ಣೆಗೆ ಇಷ್ಟು ಎಂದು ಸೇರಿಸಿ ಒಂದು ಮೊತ್ತ ಹೇಳುತ್ತಿದ್ದ. ಚೌಕ ತೊಳೆದದ್ದಕ್ಕೆ ದುಡ್ಡಿಲ್ಲ. ಅದನ್ನು ಹಿಂಬದಿಯಲ್ಲೇ ಏಕೆ ಮಾಡುತ್ತಾನೆಂದು ನಾನು ಕೇಳಿದ್ದೆ. "ಮುಂದೆ ಮಾಡಿದ್ರೆ ಅವ್ರು ಬೇಡ ಅನ್ನೋ ಹಾಗೇ ಇಲ್ವಲ್ಲೇ. ಬಾಗ್ಲ ಪಕ್ಕ ಒಂದು ತುಂಡು ಮಾತ್ರ ಬೆಳ್ಳಗಾಗಿ ಕೂತ್ರೆ ಮಿಕ್ಕಿದ್ದೆಲ್ಲ ಹೊಲಸು ಕಾಣ್ಸುತ್ತೆ. ನಾಚಿಕೆ ಹುಟ್ಸಿ ಕೆಲ್ಸ ಗಿಟ್ಟಿಸ್ಬಾರ್ದು" ಎಂದ.

ಚೌಕಾಸಿ ಎಂದರೆ ಅವನಿಗೆ ಆಗದು. "ಇದು ನಾನು ಹೇಳೋ ರೇಟಲ್ಲ, ನಿಮ್ಮ ಗೋಡೆ ಹೇಳೋ ರೇಟು" ಎಂದು ಬಕೆಟ್ಟು ಎತ್ತಿಕೊಂಡು ಹೊರಟೇ ಬಿಡುತ್ತಿದ್ದ. ಮೂಲೆ ಬಂಗಲೆಯ ದೊಡ್ಡಮ್ಮನಿಗೂ ಒಂದೇ ಲೆಕ್ಕ, ಎರಡು ಕೋಣೆಯ ಮನೆಯ ದರ್ಜಿಗೂ ಒಂದೇ ಲೆಕ್ಕ. ಹಲ್ಲಿನ ಡಾಕ್ಟರ ಮನೆಯಲ್ಲಿ ಮುಂಭಾಗದ ಕೊಳೆ ಅಂದುಕೊಂಡದ್ದಕ್ಕಿಂತ ಸಲೀಸಾಗಿ ಬಿಟ್ಟು, ಕೆಲಸ ಅರ್ಧ ದಿನ ಮೊದಲೇ ಮುಗಿದಾಗ, ಆ ಅರ್ಧ ದಿನದ ದುಡ್ಡನ್ನು ತಾನೇ ಬಿಟ್ಟುಕೊಟ್ಟ. ಡಾಕ್ಟರಿಗೆ ಅನುಮಾನ ಬಂದು, ಎಲ್ಲೋ ಒಂದು ಗೋಡೆ ತೊಳೆಯದೆ ಬಿಟ್ಟಿದ್ದಾನೆಂದು ಮನೆಯನ್ನು ಎರಡು ಸುತ್ತು ಹಾಕಿ ಬಂದರು. ನ್ಯಾಯದ ರೇಟು ಹೇಳುವವನು ಎಂದು ನಾಲ್ಕು ಜನ ಹೇಳುವುದನ್ನು ಕೇಳಿದರೆ ಅಪ್ಪನಿಗೆ ಊಟ ಮಾಡಿದಷ್ಟು ತೃಪ್ತಿ. ಆ ಒಂದು ಮಾತೇ ಅವನ ಆಸ್ತಿ ಎಂದುಕೊಂಡಿದ್ದ.

ಅಪ್ಪ ಏಣಿಯ ಮೇಲಿದ್ದಷ್ಟು ಹೊತ್ತೂ ಅಮ್ಮ ಕೆಳಗೆ. ಬಲಗಾಲು ತಳದ ಮೆಟ್ಟಿಲ ಮೇಲೆ, ಎರಡು ಅಂಗೈ ಏಣಿಯ ಎರಡು ಕಂಬದ ಮೇಲೆ, ಮುಖ ಮೇಲಕ್ಕೆ. ಮೇಲಿನಿಂದ ಪಾಚಿಯ ನೀರು ಸುರಿದು ಅವಳ ತೋಳಿನಗುಂಟ ಇಳಿದು ರವಿಕೆಯೊಳಗೆ ಹೋಗುತ್ತಿತ್ತು. ಬಕೆಟ್ಟು ತುಂಬಿಸಿ ಹಗ್ಗಕ್ಕೆ ಕಟ್ಟುವುದಕ್ಕೂ ಅಪ್ಪ ಕೆಳಗಿಳಿದ ಮೇಲೆಯೇ ಕೈ ಬಿಡುತ್ತಿದ್ದಳು. ಓದು ಮುಗಿಸಿ ಇಪ್ಪತ್ತರ ವಯಸ್ಸಿಗೆ ನಾನೂ ಅವರ ಜೊತೆ ಸೇರಿ, ರೇಟಿನ ಚೀಟಿ ಬರೆಯುವ ಕೆಲಸಕ್ಕೆ ಕೂತೆ. ಮೊದಲ ವಾರವೇ ನನ್ನ ಕಣ್ಣಿಗೆ ಬಿತ್ತು. ಚೀಟಿಯಲ್ಲಿ ಸೋಪು ಇತ್ತು, ಬ್ರಷ್ಷು ಇತ್ತು, ಪಂಪಿನ ಎಣ್ಣೆ ಇತ್ತು, ಅಪ್ಪನ ದುಡಿಮೆ ಇತ್ತು. ಅಮ್ಮ ಇರಲಿಲ್ಲ.

"ಅಮ್ಮಂದು ಎಲ್ಲಿ ಬರೀಲಿ?" ಎಂದೆ.

ಅಪ್ಪ ನಕ್ಕ. "ಅವಳದ್ದೇನೇ? ಸುಮ್ನೆ ನಿಂತಿರ್ತಾಳೆ. ನಿಮ್ಮಮ್ಮ ಏನು ಕೂಲಿಯವಳಾ?"

ಅಮ್ಮ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಹಿಂಡಿದ್ದ ಬಟ್ಟೆಯನ್ನೇ ಇನ್ನೊಮ್ಮೆ ಹಿಂಡಿದಳು. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಅಪ್ಪ ಆಚೆ ಹೋದ ಮೇಲೆ, "ನಿಂಗೇನೂ ಅನ್ಸಲ್ವೇನಮ್ಮ?" ಎಂದು ಜಗಳಕ್ಕೇ ನಿಂತೆ. ಅವಳು ಬಟ್ಟೆ ಕೊಡವುತ್ತ ಹೇಳಿದಳು: "ದುಡ್ಡು ನಂಗ್ಯಾಕೆ, ಯಾರ ಕೈಗೆ ಬಂದ್ರೂ ಅದೇ ಡಬ್ಬಿಗೆ ತಾನೆ ಹೋಗೋದು. ಆದ್ರೆ ಅವ್ರು ಗಿರಾಕಿ ಮುಂದೆ ನಿಂತು ಬ್ರಷ್ಷಿಗಿಷ್ಟು ಅಂತಾರಲ್ಲ, ಹಾಗೆ ಒಂದು ಸಲ ಇವಳಿಗಿಷ್ಟು ಅನ್ಲಿ ಅಂತ ಆಸೆ. ಬ್ರಷ್ಷಿಗಿಂತ ಕಡೆಯಾದ್ನಾ ನಾನು?" ಈ ಮಾತು ಅಪ್ಪನ ಕಿವಿಗೆ ಹಾಕಬಾರದೆಂದು ಆಣೆ ಹಾಕಿಸಿಕೊಂಡಳು.

ಎರಡು ವರ್ಷ ಹೀಗೇ ಕಳೆಯಿತು. ಆಮೇಲೊಂದು ದಿನ ಔಷಧಿ ಅಂಗಡಿಯವರ ಅಂಗಳದಲ್ಲಿ, ಅಪ್ಪ ಏಣಿಯಿಂದ ಇಳಿದಾದ ಮೇಲೆ, ಅಮ್ಮ ಬಕೆಟ್ಟು ಹಿಡಿದು ನಡೆಯುವಾಗ ಸೋಪಿನ ನೀರಿಗೆ ಜಾರಿದಳು. ಪಾದದ ಮೂಳೆ ಬಿರುಕು ಬಿಟ್ಟಿತು. ಎಂಟು ವಾರ ಕಾಲು ನೆಲಕ್ಕೆ ಊರಬಾರದು ಎಂದರು ಆಸ್ಪತ್ರೆಯ ಡಾಕ್ಟರು. ಅಷ್ಟರಲ್ಲಿ ಮೂರು ಮನೆಗೆ ರೇಟು ಹೇಳಿ ಮಾತು ಕೊಟ್ಟಾಗಿತ್ತು. ಏಣಿ ಹಿಡಿಯಲು ನಾನು ಬರುತ್ತೇನೆಂದರೆ, ಅಮ್ಮನನ್ನು ಎತ್ತಿ ಕೂರಿಸುವವರು ಯಾರು ಎಂದು ಅಪ್ಪ ನನ್ನನ್ನು ಮನೆಯಲ್ಲೇ ಬಿಟ್ಟ. ಕಾರ್ಖಾನೆಯ ಕಾವಲು ಕೆಲಸದಿಂದ ನಿವೃತ್ತನಾದ ಒಬ್ಬ ಮುದುಕನನ್ನು ದಿನಗೂಲಿಗೆ ಗೊತ್ತು ಮಾಡಿಕೊಂಡ.

ಈ ಕಾವಲುಗಾರ ಅಜ್ಜನಿಗೆ ಶಿಸ್ತು ಎಂದರೆ ಪ್ರಾಣ, ಅದರಲ್ಲೂ ತನ್ನ ವಿಶ್ರಾಂತಿಯ ವಿಷಯದಲ್ಲಿ. ಗಂಟೆಗೊಮ್ಮೆ ಹತ್ತು ನಿಮಿಷ ಕೂರಬೇಕು, ಹನ್ನೊಂದಕ್ಕೆ ಚಹಾ ಬೇಕು, ಮೂರಕ್ಕೆ ಇನ್ನೊಂದು. ಅವನು ಕೂತಾಗಲೆಲ್ಲ ಅಪ್ಪ ಏಣಿಯಿಂದ ಇಳಿಯಬೇಕು. ನೀರು ಮೈಮೇಲೆ ಬೀಳುತ್ತದೆಂದು ಮೊದಲ ದಿನವೇ ಕೊಡೆ ತಂದಿದ್ದ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಏಣಿ. "ನಿಮ್ಮ ಹೆಂಗಸ್ರು ಕೊಡೆ ಇಲ್ದೆ ಹೇಗೆ ನಿಲ್ತಿದ್ರು ಮಾರಾಯ್ರೇ?" ಎಂದು ಅವನು ಮೇಲಕ್ಕೆ ಕೂಗಿ ಕೇಳಿದನಂತೆ. ಇದನ್ನು ಅಪ್ಪನೇ ಮನೆಗೆ ಬಂದು ಹೇಳಿದ. ಅಮ್ಮ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಹೊಟ್ಟೆ ಹಿಡಿದು ನಕ್ಕಳು. ಅಪ್ಪ ನಗಲಿಲ್ಲ.

ಮೂರನೆಯ ಮನೆ ಮುಗಿದ ದಿನ, ಮಧ್ಯಾಹ್ನದ ಬಿಸಿಲಿನಲ್ಲಿ ಹಿತ್ತಿಲಲ್ಲಿ ಬಕೆಟ್ಟು ಬೋರಲು ಹಾಕಿ ಕೂತ ಅಪ್ಪ ನನ್ನನ್ನು ಕರೆದ. ಹಳೆಯ ಚೀಟಿ ಒಂದನ್ನು ತೊಡೆಯ ಮೇಲೆ ಹರಡಿಕೊಂಡಿದ್ದ. ಅಜ್ಜನ ಕೂಲಿ ಕೊಟ್ಟ ಮೇಲೆ ಮೂರು ಮನೆಯಿಂದ ಅಪ್ಪನಿಗೆ ಉಳಿದದ್ದು ಎಂದಿನ ಅರ್ಧವೂ ಇಲ್ಲ.

"ನ್ಯಾಯವಾದ ರೇಟು ಅಂತ ಊರೆಲ್ಲ ಹೊಗಳ್ತಿತ್ತು" ಎಂದ. "ಇಪ್ಪತ್ತೆರಡು ವರ್ಷ ಎಲ್ರಿಗೂ ಕಮ್ಮಿ ಹೇಳಿದೀನಿ ಕಣೇ. ಆ ಕಮ್ಮಿ ನಾನು ಕೊಟ್ಟಿದ್ದಲ್ಲ. ಅವಳದ್ದು ಕಿತ್ತು ಕೊಟ್ಟಿದ್ದು."

ಬಾಯಿ ತೆರೆದರೆ ಆಣೆ ಮುರಿಯುತ್ತದೆಂದು ನಾನು ಅವನ ತೊಡೆಯ ಮೇಲಿನ ಚೀಟಿಯನ್ನೇ ಓದುತ್ತ ನಿಂತೆ. ನಿಜ ಹೇಳಬೇಕೆಂದರೆ ನನಗೆ ಅಪ್ಪನ ಮೇಲೆ ಅಯ್ಯೋ ಎನಿಸಿತು, ಒಳಗೊಳಗೇ ಹೊಟ್ಟೆಯೂ ತಣ್ಣಗಾಯಿತು.

ಮರುದಿನದಿಂದ ಚೀಟಿಯಲ್ಲಿ ಹೊಸ ಸಾಲು ಬಂತು: ಏಣಿ ಹಿಡಿಯುವವರಿಗೆ ಇಷ್ಟು. ರೇಟು ಒಮ್ಮೆಗೇ ಮೂರನೇ ಒಂದು ಭಾಗ ಏರಿತು. ಅಪ್ಪ ಹಳೆಯ ಗಿರಾಕಿಗಳ ಮನೆಮನೆಗೆ ಹೋಗಿ ತಾನೇ ತಿಳಿಸಿ ಬಂದ. ದರ್ಜಿ ಒಪ್ಪಿದ, ತೊಳೆಸುವುದು ಮಾತ್ರ ಎರಡು ವರ್ಷಕ್ಕೊಮ್ಮೆ ಎಂದ. ಮೂಲೆ ಬಂಗಲೆಯ ದೊಡ್ಡಮ್ಮ ಮಾತ್ರ ಗೇಟಿನ ಬಳಿಯೇ ತಡೆದು, "ಏನಪ್ಪ ಇದು? ಹೆಂಡ್ತಿ ಗಂಡನ ಪಕ್ಕ ನಿಲ್ಲೋದಕ್ಕೂ ನಾವು ದುಡ್ಡು ಕೊಡ್ಬೇಕಾ?" ಎಂದು ರೇಗಿದರು. ನಾನು ಜೊತೆಗಿದ್ದೆ, ನನ್ನ ನಾಲಿಗೆ ತುರಿಸುತ್ತಿತ್ತು. ಅಪ್ಪನೇ ಹೇಳಿದ: "ಅವಳು ನನ್ನ ಪಕ್ಕ ನಿಲ್ತಿರ್ಲಿಲ್ಲಮ್ಮ. ನಿಮ್ಮ ಗೋಡೆ ಪಕ್ಕ ನಿಲ್ತಿದ್ಲು." ದೊಡ್ಡಮ್ಮ ಬೇರೆಯವರನ್ನು ಕರೆಸಿಕೊಂಡರು. ಇನ್ನೂ ಐದಾರು ಮನೆ ಕೈಬಿಟ್ಟವು.

ಇದೆಲ್ಲ ಅಮ್ಮನಿಗೆ ಅಪ್ಪ ಹೇಳಿರಲಿಲ್ಲ. ಕಾಲು ನೋಡಲು ಬಂದ ಪಕ್ಕದ ಮನೆಯಾಕೆ ಹೇಳಿಬಿಟ್ಟಳು. ಅಂದು ಸಂಜೆ ಅಪ್ಪ ಗಾಡಿ ನಿಲ್ಲಿಸುವ ಮೊದಲೇ ಅಮ್ಮ ಶುರು ಮಾಡಿದಳು: "ನನ್ನ ಹೆಸ್ರಲ್ಲಿ ಇದ್ದಬದ್ದ ಗಿರಾಕಿ ಕಳ್ಕೊಂಡ್ರಂತೆ? ತಲೆ ನೆಟ್ಟಗಿದೆಯಾ ನಿಮ್ಗೆ?" ಬೈದಳು, ಚೆನ್ನಾಗಿ ಬೈದಳು. ಬೈಯುತ್ತ ಬೈಯುತ್ತಲೇ ನನ್ನಿಂದ ಹೊಸ ಚೀಟಿ ಈಸಿಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿ ಮಲಗಿದಳು. ಅಳುತ್ತಿದ್ದಳೆಂದು ನನಗೂ ಗೊತ್ತಾಯಿತು, ಅಪ್ಪನಿಗೂ ಗೊತ್ತಾಯಿತು.

ಎಂಟು ವಾರ ಮುಗಿದು ಪಟ್ಟಿ ಬಿಚ್ಚಿದರು. ಅಮ್ಮ ಕೋಣೆಯ ಉದ್ದಕ್ಕೂ ನಾಲ್ಕು ಸಲ ನಡೆದು ತೋರಿಸಿದಳು. ಅಪ್ಪ ಬಾಗಿಲಲ್ಲಿ ನಿಂತು, "ಸೋಮವಾರದಿಂದ ಬರ್ತೀಯಾ?" ಎಂದ. ಬರುತ್ತೀಯಾ ಎಂದು ಅವಳನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಗಾಡಿ ಹೊರಡುತ್ತಿತ್ತು, ಅವಳು ಹಿಂದೆ ಹೋಗುತ್ತಿದ್ದಳು.

"ಬರಲ್ಲ" ಎಂದಳು ಅಮ್ಮ.

ಅಪ್ಪ ತಬ್ಬಿಬ್ಬಾದ. "ರೇಟು ಕಮ್ಮಿ ಆಯ್ತಾ? ಅಜ್ಜನಿಗೆ ಕೊಟ್ಟಿದ್ದಕ್ಕಿಂತ ಜಾಸ್ತೀನೇ ಹಾಕಿದೀನಲ್ಲೇ. ಎಷ್ಟು ಬೇಕು ಹೇಳು, ಸೇರಿಸ್ತೀನಿ."

"ರೇಟಿನ ಮಾತಲ್ಲ ರೀ" ಎಂದು ಅಮ್ಮ ಮಂಚದ ಅಂಚಿಗೆ ಕೂತಳು. "ನೀವು ಮೇಲೆ ಹತ್ತಿದ್ರೆ ನಂಗೆ ಉಸ್ರು ಕಟ್ಟುತ್ತೆ. ಮೊದಲ್ನೇ ದಿನದಿಂದ್ಲೂ. ಯಾರಾದ್ರೂ ಮಾತಾಡಿಸಿದ್ರೆ ತಿರುಗಿ ನೋಡ್ತಿರ್ಲಿಲ್ಲ, ಕಣ್ಣು ತೆಗೆದ್ರೆ ನೀವು ಬಿದ್ಬಿಡ್ತೀರಿ ಅಂತ. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಇವತ್ತು ಬೀಳ್ತಾರೇನೋ ಅನ್ಕೊಂಡೇ ಬಂದಿದೀನಿ. ಮನೇಲಿ ಮಲ್ಗಿದ್ದಾಗ್ಲೂ ತಪ್ಪಲಿಲ್ಲ, ಆ ಮುದುಕ ಸರಿಯಾಗಿ ಹಿಡೀತಾನೋ ಇಲ್ವೋ ಅಂತ. ನಿಂತಿದ್ದಕ್ಕೆ ಕೂಲಿ ಹಾಕಿದ್ರಿ, ಸಂತೋಷ. ಈ ಹೆದರಿಕೆಗೆ ಎಷ್ಟು ಹಾಕ್ತೀರಿ?"

ಯಾವ ಗೋಡೆಯ ಮುಂದೆಯೂ ರೇಟು ಹೇಳಲಾರದೆ ನಿಂತವನಲ್ಲ ನನ್ನ ಅಪ್ಪ. ಅವತ್ತು ರೇಟು ಹೇಳದೆ ಹಿತ್ತಿಲಿಗೆ ಹೋದ. ಸ್ವಲ್ಪ ಹೊತ್ತಿಗೆ ಗರಗಸದ ಸದ್ದು ಕೇಳಿಸಿತು. ನಾವಿಬ್ಬರೂ ಗಾಬರಿಯಿಂದ ಹೋಗಿ ನೋಡಿದರೆ, ಆ ಉದ್ದನೆಯ ಏಣಿಯನ್ನು ಬಕೆಟ್ಟುಗಳ ಮೇಲೆ ಅಡ್ಡ ಮಲಗಿಸಿ, ಮೊಣಕಾಲು ಒತ್ತಿ ಹಿಡಿದು, ನಟ್ಟನಡುವೆ ಕೊಯ್ಯುತ್ತಿದ್ದ.

"ಅಯ್ಯೋ, ಹುಚ್ಚು ಹಿಡೀತಾ ನಿಮ್ಗೆ? ಒಳ್ಳೆ ಗಟ್ಟಿ ಏಣಿ ರೀ!" ಎಂದು ಅಮ್ಮ ಕೂಗಿದಳು. ಅಪ್ಪ ಕೊಯ್ಯುವುದನ್ನು ನಿಲ್ಲಿಸಲಿಲ್ಲ.

ಎರಡಂತಸ್ತಿನ ಮನೆಗಳೆಲ್ಲ ಅಲ್ಲಿಗೆ ನಮ್ಮ ಕೈತಪ್ಪಿದವು. ಒಂದಂತಸ್ತಿನ ಗೋಡೆಗಳನ್ನು ಅಪ್ಪ ಉದ್ದನೆಯ ಕೋಲಿಗೆ ಬ್ರಷ್ಷು ಕಟ್ಟಿ ನೆಲದ ಮೇಲೆ ನಿಂತೇ ತೊಳೆಯುತ್ತಿದ್ದ. ಕೋಲು ಮುಟ್ಟದ ಮೂಲೆಗೆ ಮಾತ್ರ ತುಂಡು ಏಣಿ. ಸಂಪಾದನೆ ಅರ್ಧಕ್ಕಿಳಿಯಿತು. ನಾನು ಒಂದು ಅಚ್ಚುಕೂಟದಲ್ಲಿ ಕೆಲಸ ಹಿಡಿದೆ.

ಕೆಲಸಕ್ಕೆ ಸೇರುವ ಮೊದಲು ಒಂದು ದಿನ ಅಪ್ಪನ ಜೊತೆ ಹೋಗಿದ್ದೆ. ಬರಲ್ಲ ಎಂದಿದ್ದ ಅಮ್ಮನೂ ಬಂದಿದ್ದಳು. ಅಪ್ಪ ಕೋಲು ಹಿಡಿದು ತೊಳೆಯುತ್ತಿದ್ದರೆ, ಅವಳು ಗೋಡೆಗೆ ಬೆನ್ನು ಹಾಕಿ ನಿಂತು ಬೀದಿಯನ್ನು ನೋಡುತ್ತಿದ್ದಳು. ಸೈಕಲ್ಲಿನವರನ್ನು, ಶಾಲೆಯ ಮಕ್ಕಳನ್ನು, ಎದುರಿನ ಮನೆಯ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವಳನ್ನು. "ಎದುರ್ಗಡೆ ಇಷ್ಟು ದೊಡ್ಡ ಮರ ಇದೆಯಲ್ಲೇ, ಇದು ಯಾವಾಗಿಂದ ಇಲ್ಲಿದೆ?" ಎಂದು ನನ್ನನ್ನು ಕೇಳಿದಳು. ನಾವು ನಿಂತಿದ್ದ ಮನೆಯ ಗೋಡೆಯನ್ನು ಅವರು ತೊಳೆಯುತ್ತಿದ್ದದ್ದು ಹದಿನಾರನೆಯ ಸಲ.